‘ಪೈ ಫೋರ್ಸ್’ ಅಂದರೆ ಯಾರು? ತಾತನ ಮಿಲ್ಟ್ರಿ ಕಾಗದ ಓದುವ ಬಗೆ

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ನಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲ್ಟ್ರಿಗೆ ಸೇರಿ ಡ್ರೈವರ್ ಆಗಿದ್ದರಂತೆ. ಅವರು ತೀರಿಕೊಂಡಾಗ ನನಗೆ ಎಂಟು ವರ್ಷ. ಹೋದ ತಿಂಗಳು ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಅವರ ಟ್ರಂಕ್ ಸಿಕ್ಕಿತು. ಅದರಲ್ಲಿ ಎರಡು ದುಂಡನೆಯ ಪದಕ, ಒಂದು ಅರ್ಧ ಹರಿದ, ನೀರು ಬಿದ್ದ ಕಾಗದ. ಸೇರಿದ್ದು 1942ರ ಜುಲೈ, ಬಿಟ್ಟಿದ್ದು 1946 ಎಂದು ಓದಲು ಬರುತ್ತದೆ. ‘ಆರ್.ಐ.ಎ.ಎಸ್.ಸಿ.’, ‘ಜಿ.ಪಿ.ಟಿ. ಕಾಯ್’, ‘ಪೈಫೋರ್ಸ್’ ಎಂಬ ಇಂಗ್ಲಿಷ್ ಅಕ್ಷರಗಳಿವೆ. ಅವರ ನಂಬರಿನ ಕೊನೆಯ ಮೂರು ಅಂಕಿ ಅಳಿಸಿಹೋಗಿವೆ.

ದೊಡ್ಡಪ್ಪ ಹೇಳುವ ಪ್ರಕಾರ ತಾತ ಬರ್ಮಾದಲ್ಲಿ ಹೋರಾಡಿ, ಆಮೇಲೆ ನೇತಾಜಿಯವರ ಸೈನ್ಯ ಸೇರಿದ್ದರು. ಚಿಕ್ಕಪ್ಪನ ಪ್ರಕಾರ ಪೈ ಎಂಬ ಮಂಗಳೂರು ಕಡೆಯ ಆಫೀಸರ ಕೈಕೆಳಗೆ ಬರೀ ಲಾರಿ ಓಡಿಸುತ್ತಿದ್ದರು, ಯುದ್ಧ ಗಿದ್ಧ ನೋಡಿದವರಲ್ಲ. ತಾತ ಚಳಿ ಜಾಸ್ತಿಯಾದಾಗ ‘ಇದೇನು ಚಳಿ, ಕಾನಕೀನ್‌ದಲ್ಲಿ ನೋಡಬೇಕಿತ್ತು’ ಅನ್ನುತ್ತಿದ್ದದ್ದು ಮಾತ್ರ ನನಗೆ ನೆನಪಿದೆ. ಯುದ್ಧದಲ್ಲಿ ಸತ್ತವರ ಪಟ್ಟಿಯಿರುವ ಕಾಮನ್‌ವೆಲ್ತ್ ವೆಬ್‌ಸೈಟಿನಲ್ಲಿ ಹುಡುಕಿದೆ, ಹೆಸರಿಲ್ಲ. ಒಬ್ಬ ಏಜೆಂಟರು ಲಂಡನ್ನಿನಿಂದ ಪೂರ್ತಿ ಫೈಲ್ ತರಿಸುತ್ತೇನೆ, ಅಜ್ಜಿಗೆ ಬರಬೇಕಿದ್ದ ಪೆನ್ಷನ್ ಬಾಕಿಯನ್ನೂ ಕೊಡಿಸುತ್ತೇನೆ ಎಂದು 25 ಸಾವಿರ ಕೇಳುತ್ತಿದ್ದಾರೆ. ಅಜ್ಜಿ ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ತಾತ ಹೇಳಿದ್ದು ನಿಜವೇ? ಈಗ ಹುಡುಕಿದರೆ ಏನಾದರೂ ಸಿಗುತ್ತದೆಯೇ?

ಉತ್ತರ: ಮೊದಲು ಏಜೆಂಟರಿಗೆ ಇಲ್ಲ ಅನ್ನಿ. ಕಾರಣ ಆಮೇಲೆ ಹೇಳುತ್ತೇನೆ. ದುಡ್ಡು ಕೊಡುವುದು ಹಾಗಿರಲಿ, ಆ ಕಾಗದದ ಮೂಲ ಪ್ರತಿಯನ್ನೂ ಪದಕಗಳನ್ನೂ ಅವರ ಕೈಗೆ ಕೊಡಬೇಡಿ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರೆ ಅಷ್ಟಕ್ಕೇ ನಿಲ್ಲಿಸಿ.

ಸೇನೆಯ ದಾಖಲೆ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷ ಇಂಥ ಕಾಗದಗಳ ನಡುವೆಯೇ ಕೂತವನು ನಾನು. ನಿವೃತ್ತನಾದ ಮೇಲೂ ನಿಮ್ಮಂಥ ಮೊಮ್ಮಕ್ಕಳ ಪತ್ರ ಬರುತ್ತಲೇ ಇದೆ. ಹೆಚ್ಚಿನವರ ಬಳಿ ಒಂದು ಫೋಟೋ ಬಿಟ್ಟರೆ ಬೇರೇನೂ ಇರುವುದಿಲ್ಲ. ನಿಮ್ಮ ಬಳಿ ಘಟಕದ ಹೆಸರು, ಎರಡು ತಾರೀಖು, ಎರಡು ಪದಕ, ಅರ್ಧಂಬರ್ಧ ನಂಬರು, ತಾತನ ಬಾಯಿಂದ ಬಂದ ಒಂದು ಊರಿನ ಹೆಸರು ಇವೆ. ಇಷ್ಟಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಪೈಗಳ ವಿಚಾರದಿಂದ ಶುರು ಮಾಡೋಣ. ನಿಮ್ಮ ಚಿಕ್ಕಪ್ಪ ಹೇಳಿದ್ದನ್ನು ಓದಿ ನಕ್ಕೆ, ಆದರೆ ಅದು ಅವರ ತಪ್ಪಲ್ಲ. ನಮ್ಮ ಕಡೆ ಪೈ ಅಂದರೆ ಮನುಷ್ಯರೇ. ‘ಪೈಫೋರ್ಸ್’ ಅನ್ನುವುದು ‘ಪರ್ಷಿಯಾ ಅಂಡ್ ಇರಾಕ್ ಫೋರ್ಸ್’ ಎಂಬುದರ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು. 1942ರ ಉತ್ತರಾರ್ಧದಲ್ಲಿ ಇರಾಕ್ ಮತ್ತು ಇರಾನ್‌ಗಳಲ್ಲಿದ್ದ ಸೈನ್ಯಕ್ಕೆ ಬಾಗ್ದಾದಿನಲ್ಲಿ ಬೇರೆಯದೇ ಕಮಾಂಡ್ ಮಾಡಿದಾಗ ಬಳಕೆಗೆ ಬಂದದ್ದು. ಅದರಲ್ಲಿ ಬಹುದೊಡ್ಡ ಪಾಲು ಭಾರತೀಯ ಸೈನಿಕರು. ‘ಆರ್.ಐ.ಎ.ಎಸ್.ಸಿ.’ ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಇವತ್ತಿನ ಆರ್ಮಿ ಸರ್ವಿಸ್ ಕೋರ್ (ಎ.ಎಸ್.ಸಿ.). ಸೈನ್ಯಕ್ಕೆ ಅನ್ನ, ಪೆಟ್ರೋಲು, ಗುಂಡು ತಲುಪಿಸುವವರು. ‘ಕಾಯ್’ ಎಂಬುದು ಕಂಪನಿ ಎಂಬ ಪದದ ಮೊಟಕು ರೂಪ. ‘ಜಿ.ಪಿ.ಟಿ.’ ಎಂದರೆ ಜನರಲ್ ಪರ್ಪಸ್ ಟ್ರಾನ್ಸ್‌ಪೋರ್ಟ್. ಈಚೆಗೆ ಒಬ್ಬ ಹುಡುಗ ‘ನಮ್ಮ ಮುತ್ತಾತ ಜಿಪಿಟಿಯಲ್ಲಿದ್ದರಾ ಸಾರ್’ ಎಂದು ಕೇಳಿದ. ಅಲ್ಲಪ್ಪ, ಇದು ಮೂರು ಟನ್ನಿನ ಲಾರಿ ಎಂದೆ.

ಹಾಗಾಗಿ ಕಾಗದವೊಂದೇ ಹೇಳುವ ಕಥೆ ಇದು: ತಾತ 1942ರಲ್ಲಿ ಸೇರಿ, ತರಬೇತಿ ಮುಗಿಸಿ, ಇರಾಕ್–ಇರಾನ್ ಕಡೆಗೆ ಹೋದ ಲಾರಿ ಕಂಪನಿಯೊಂದರಲ್ಲಿದ್ದರು. ಈಗ ಅವರ ಮಾತನ್ನು ಇದರ ಪಕ್ಕ ಇಡಿ. ‘ಕಾನಕೀನ್’. ಇರಾಕಿನಲ್ಲಿ, ಇರಾನ್ ಗಡಿಯ ಹತ್ತಿರ, ಖಾನಕೀನ್ ಎಂಬ ಊರಿದೆ. ಬಾಗ್ದಾದಿನಿಂದ ಬರುತ್ತಿದ್ದ ರೈಲು ಹಳಿ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿಂದ ಮುಂದಕ್ಕೆ ಲಾರಿಯೇ ಗತಿ: ಪೈತಾಕ್ ಘಾಟಿ ಹತ್ತಿ, ಕೆರ್ಮಾನ್‌ಶಾಹ್, ಹಮದಾನ್ ದಾಟಿ ಉತ್ತರಕ್ಕೆ. ಹಿಟ್ಲರನ ವಿರುದ್ಧ ಹೋರಾಡುತ್ತಿದ್ದ ಸೋವಿಯತ್ ರಷ್ಯಾಕ್ಕೆ ಸಾಮಾನು ಮುಟ್ಟಿಸುತ್ತಿದ್ದ ದಾರಿಗಳಲ್ಲಿ ಅದೂ ಒಂದು. ಚಳಿಗಾಲದಲ್ಲಿ ಆ ಘಾಟಿಗಳಲ್ಲಿ ಹಿಮ ಬೀಳುತ್ತದೆ. ಮಲೆನಾಡಿನ ಅಂಚಿನ ಹಳ್ಳಿಯಿಂದ ಹೋದ ಹುಡುಗನಿಗೆ ಆ ಚಳಿ ಸಾಯುವವರೆಗೆ ಮರೆಯದಿದ್ದರೆ ಆಶ್ಚರ್ಯವಿಲ್ಲ. ನಮ್ಮ ಹಳ್ಳಿ ಕಡೆ ‘ಖ’ ಯಾರ ಬಾಯಲ್ಲೂ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಅನುಭವದಲ್ಲಿ ಮನೆಯವರು ಹೇಳುವ ಯುದ್ಧದ ಕಥೆಗಳಲ್ಲಿ ಸಾಹಸಗಳು ಬೆಳೆಯುತ್ತಾ ಹೋಗುತ್ತವೆ, ತಾರೀಖುಗಳು ಅಳಿಯುತ್ತವೆ. ಆದರೆ ವಿಚಿತ್ರವಾದ, ಅರ್ಥವಾಗದ ಪದಗಳು ಮಾತ್ರ ಹಾಗೇ ಉಳಿಯುತ್ತವೆ. ಅರ್ಥವಾಗದ್ದನ್ನು ಯಾರೂ ತಿದ್ದಿ ಚೆಂದ ಮಾಡುವುದಿಲ್ಲವಲ್ಲ. ಆದ್ದರಿಂದ ತಾತ ಆಡಿದ ಅಂಥ ಪದಗಳನ್ನು, ಬೈಗುಳವಾಗಿದ್ದರೂ ಸರಿ, ಕೇಳಿಸಿದ ಹಾಗೆ ಬರೆದಿಡಿ.

ಇನ್ನು ದೊಡ್ಡಪ್ಪನ ಮಾತು. ನೇತಾಜಿಯವರ ಆಜಾದ್ ಹಿಂದ್ ಫೌಜ್‌ಗೆ ಸೇರಿದ ಸೈನಿಕರು ಬಹುತೇಕ ಮಲಯಾ ಮತ್ತು ಸಿಂಗಪುರದಲ್ಲಿ ಜಪಾನಿಯರಿಗೆ ಸೆರೆಸಿಕ್ಕಿದ್ದವರು. ಸಿಂಗಪುರ ಬಿದ್ದದ್ದು 1942ರ ಫೆಬ್ರವರಿ 15ರಂದು. ನಿಮ್ಮ ತಾತ ಸೇರಿದ್ದೇ ಅದಾಗಿ ಐದು ತಿಂಗಳಿಗೆ. ಯುದ್ಧದ ನಂತರ ಆ ಫೌಜ್‌ನಲ್ಲಿದ್ದವರನ್ನು ಹಿಡಿದು ವಿಚಾರಣೆ ಮಾಡಿ ‘ಬಿಳಿ’, ‘ಬೂದು’, ‘ಕಪ್ಪು’ ಎಂದು ವಿಂಗಡಿಸಿದರು. ಕಪ್ಪು ಎನಿಸಿಕೊಂಡವರನ್ನು ಸೇವೆಯಿಂದ ವಜಾ ಮಾಡಿದರು. ಅಂಥವರ ಕಾಗದದಲ್ಲಿ ‘ಪೈಫೋರ್ಸ್’ ಎಂದೂ ಇರುವುದಿಲ್ಲ, ಬ್ರಿಟಿಷ್ ಪದಕವೂ ಬರುವುದಿಲ್ಲ. ತಾರೀಖು ಮತ್ತು ಜಾಗ ಎರಡೂ ದೊಡ್ಡಪ್ಪನ ಕಥೆಗೆ ವಿರುದ್ಧವಾಗಿವೆ.

ಹಾಗೆಂದು ಅವರು ಬೇಕೆಂದೇ ಸುಳ್ಳು ಹೇಳಿದರು ಎಂದು ನಾನು ಭಾವಿಸುವುದಿಲ್ಲ. ಇಂಥ ಕಥೆ ಹತ್ತಾರು ಮನೆಗಳಲ್ಲಿ ಕೇಳಿದ್ದೇನೆ, ಅದು ಹುಟ್ಟುವ ಬಗೆಯೂ ಹೆಚ್ಚುಕಡಿಮೆ ಒಂದೇ. ಸ್ವಾತಂತ್ರ್ಯ ಬಂದ ಮೇಲೆ ‘ನಮ್ಮಪ್ಪ ಬ್ರಿಟಿಷರ ಪರ ಯುದ್ಧಕ್ಕೆ ಹೋಗಿದ್ದರು’ ಅನ್ನುವುದು ಹೆಮ್ಮೆಯ ಮಾತಾಗಿ ಉಳಿಯಲಿಲ್ಲ. 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಕೇಂದ್ರದ ಪಿಂಚಣಿ ಶುರುವಾಯಿತು, ಅದರಲ್ಲಿ ಆಜಾದ್ ಹಿಂದ್ ಫೌಜ್‌ನವರೂ ಸೇರಿದರು. ಶಾಲೆಯಲ್ಲಿ ಮಕ್ಕಳು ಓದುತ್ತಿದ್ದದ್ದೂ ನೇತಾಜಿಯವರ ಬಗ್ಗೆಯೇ. ಮಿಲ್ಟ್ರಿ, ಆ ಕಾಲ, ಹೊರದೇಶ ಎಂಬ ಮೂರು ಎಳೆ ಇದ್ದರೆ ಸಾಕು, ಮಗ ಅಪ್ಪನನ್ನು ತನಗೆ ಗೊತ್ತಿದ್ದ ದೊಡ್ಡ ಕಥೆಯೊಳಗೆ ಕೂರಿಸುತ್ತಾನೆ. ದೊಡ್ಡಪ್ಪ ಬದುಕಿದ್ದರೆ ಅವರ ಜತೆ ಜಗಳಕ್ಕೆ ಹೋಗಬೇಡಿ. ಖಾನಕೀನ್ ನಕ್ಷೆಯಲ್ಲಿ ಎಲ್ಲಿದೆ ಎಂದು ತೋರಿಸಿ, ಸಾಕು.

ಪದಕಗಳನ್ನು ಈಗ ಕೈಗೆ ತೆಗೆದುಕೊಳ್ಳಿ. ಎರಡೂ ದುಂಡಗಿವೆ ಎಂದಿದ್ದೀರಿ. ಒಂದರ ಹಿಂಬದಿಯಲ್ಲಿ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ ಇದ್ದರೆ ಅದು 1939–45ರ ವಾರ್ ಮೆಡಲ್. 28 ದಿನ ಸಮವಸ್ತ್ರದಲ್ಲಿದ್ದ ಎಲ್ಲರಿಗೂ ಅದು ಸಿಗುತ್ತಿತ್ತು, ಹಾಗಾಗಿ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಇನ್ನೊಂದರಲ್ಲಿ ಕಿರೀಟದ ಕೆಳಗೆ ಒಂದು ಓಕ್ ಸಸಿ, ಅದರ ಎಡಬಲಕ್ಕೆ ಎರಡು ಸಿಂಹ ಇದ್ದರೆ ಅದು ಡಿಫೆನ್ಸ್ ಮೆಡಲ್. ನೇರ ಕಾಳಗವಿಲ್ಲದ ಹೊರದೇಶದ ಸೇವೆ ಒಂದು ವರ್ಷ ಮಾಡಿದವರಿಗೆ ಕೊಡುತ್ತಿದ್ದದ್ದು. ಪೈಫೋರ್ಸ್‌ನ ಲಾರಿ ಡ್ರೈವರಿಗೆ ಸರಿಯಾಗಿ ಹೊಂದುತ್ತದೆ. ಹಿಂಬದಿಯಲ್ಲಿ ಭಾರತದ ನಕ್ಷೆ ಇದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಅದು ಇಂಡಿಯಾ ಸರ್ವಿಸ್ ಮೆಡಲ್, ದೇಶದೊಳಗೇ ಮೂರು ವರ್ಷ ಇದ್ದವರದು. ಡಿಫೆನ್ಸ್ ಮೆಡಲ್ ಪಡೆದವರಿಗೆ ಅದನ್ನು ಕೊಡುತ್ತಿರಲಿಲ್ಲ.

ಬರ್ಮಾದಲ್ಲೋ ಉತ್ತರ ಆಫ್ರಿಕಾದಲ್ಲೋ ಇಟಲಿಯಲ್ಲೋ ಇದ್ದವರಿಗೆ ಆರು ಮೂಲೆಯ ನಕ್ಷತ್ರ ಪದಕ ಬರುತ್ತಿತ್ತು. ನಿಮ್ಮಲ್ಲಿ ನಕ್ಷತ್ರ ಇಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ: ಪದಕ ಇದೆ ಎಂಬುದು ಸಾಕ್ಷಿ, ಇಲ್ಲ ಎಂಬುದು ಸಾಕ್ಷಿಯಲ್ಲ. ಕಳೆದುಹೋದ, ಮಕ್ಕಳು ಆಟಕ್ಕೆ ಒಯ್ದ, ಹಳೇ ಪಾತ್ರೆಯ ಜತೆ ತೂಕಕ್ಕೆ ಹೋದ ಪದಕಗಳಿಗೆ ಲೆಕ್ಕವಿಲ್ಲ. ಯುದ್ಧ ಮುಗಿದ ಮೇಲೆ ಹಂಚಿದ್ದರಿಂದ ಅರ್ಜಿ ಹಾಕದೆ ಬಿಟ್ಟವರೂ ಇದ್ದಾರೆ. ತಿರುವುಮುರುವೂ ಇದೆ: ಬರ್ಮಾ ಸ್ಟಾರ್ ಇದ್ದ ಮಾತ್ರಕ್ಕೆ ಬರ್ಮಾಕ್ಕೆ ಹೋಗಿದ್ದರು ಎನ್ನಲಾಗದು. 1942ರ ಮೇಯಿಂದ ಬಂಗಾಳ, ಅಸ್ಸಾಮಿನಲ್ಲಿದ್ದವರಿಗೂ ಅದು ಸಲ್ಲುತ್ತಿತ್ತು. ಆದ್ದರಿಂದ ಪದಕವನ್ನು ಕಾಗದದ ಜತೆ, ಕಾಗದವನ್ನು ಮಾತಿನ ಜತೆ ಇಟ್ಟು ನೋಡಬೇಕು. ನಿಮ್ಮ ವಿಷಯದಲ್ಲಿ ಮೂರೂ ಒಂದೇ ದಿಕ್ಕು ತೋರಿಸುತ್ತಿವೆ.

ಪದಕದ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. ಕೆಲವದರ ಅಂಚಿನಲ್ಲಿ ನಂಬರು, ಹೆಸರು ಕೊರೆದಿರುತ್ತದೆ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಫಳಫಳ ಹೊಳೆಯಿಸಿ ತಂದವರನ್ನು ನೋಡಿ ನನಗೆ ಅಳು ಬಂದಿದೆ, ಅಕ್ಷರವೂ ಅದರ ಜತೆ ತೊಳೆದುಹೋಗಿರುತ್ತದೆ.

ಕಾಮನ್‌ವೆಲ್ತ್ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಬೇಸರ ಬೇಡವೇ ಬೇಡ. ನೀವೇ ಬರೆದ ಹಾಗೆ ಅದು ಸತ್ತವರ ಪಟ್ಟಿ. ಎರಡನೇ ಯುದ್ಧಕ್ಕೆ ಸಂಬಂಧಿಸಿದಂತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರೊಳಗೆ ಸೇವೆಯಲ್ಲಿ ತೀರಿಕೊಂಡವರು ಮಾತ್ರ ಅದರಲ್ಲಿ. ಸುಮಾರು 87 ಸಾವಿರ ಭಾರತೀಯರಿದ್ದಾರೆ. ಸೈನ್ಯದಲ್ಲಿ ಒಟ್ಟು ಇದ್ದವರು ಸುಮಾರು 25 ಲಕ್ಷ. ನಿಮ್ಮ ತಾತ ಬದುಕಿ ಬಂದ ದೊಡ್ಡ ಪಾಲಿಗೆ ಸೇರಿದವರು, ಅದಕ್ಕೇ ನೀವು ಇದ್ದೀರಿ.

ಈಗ ಮುಖ್ಯ ತಪ್ಪು ಕಲ್ಪನೆಗೆ ಬರುತ್ತೇನೆ, ಏಜೆಂಟರ ವ್ಯಾಪಾರ ನಡೆಯುವುದೇ ಇದರ ಮೇಲೆ: ‘ಎಲ್ಲ ದಾಖಲೆ ಲಂಡನ್ನಿನಲ್ಲಿದೆ.’ ಇಲ್ಲ. ಭಾರತೀಯ ಸಿಪಾಯಿಗಳ ವೈಯಕ್ತಿಕ ಸೇವಾ ಕಡತಗಳು ಇಲ್ಲಿಯೇ, ಆಯಾ ರೆಜಿಮೆಂಟ್ ಅಥವಾ ಕೋರ್‌ನ ದಾಖಲೆ ಕಚೇರಿಗಳಲ್ಲೇ ಇದ್ದವು. ಬ್ರಿಟಿಷ್ ಲೈಬ್ರರಿಯಲ್ಲಿ ಇರುವುದು ಮುಖ್ಯವಾಗಿ ಬ್ರಿಟಿಷ್ ಅಧಿಕಾರಿಗಳ ಸೇವಾ ವಿವರ. ಈಚಿನ ವರ್ಷಗಳಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಲಕ್ಷಾಂತರ ಸೈನಿಕರ ಕಡತ ಬರುತ್ತಿದೆ ಎಂಬ ಸುದ್ದಿ ಓದಿದ್ದರೆ, ಅದು ಬ್ರಿಟಿಷ್ ಸೈನ್ಯದವರದು, ನಮ್ಮವರದಲ್ಲ. ಪಂಜಾಬಿನವರು ತಮ್ಮ ಮುತ್ತಾತಂದಿರನ್ನು ಅಂತರ್ಜಾಲದಲ್ಲಿ ಕಂಡುಹಿಡಿದರು ಎಂಬುದೂ ನಿಜ. ಆದರೆ ಅದು ಲಾಹೋರ್ ಮ್ಯೂಸಿಯಮ್ಮಿನಲ್ಲಿ ಉಳಿದಿದ್ದ, ಮೊದಲ ಮಹಾಯುದ್ಧದ, ಪಂಜಾಬಿನದೇ ರಿಜಿಸ್ಟರುಗಳಿಂದ. ಅದರಲ್ಲಿ ಹಾಸನದ ತಾತ ಸಿಗುವುದಿಲ್ಲ.

ಹಾಗಾದರೆ ಇಲ್ಲಿ ಏನು ಉಳಿದಿದೆ? ನೇರವಾಗಿ ಹೇಳುತ್ತೇನೆ. ಪೆನ್ಷನ್ ಇಲ್ಲದೆ ಬಿಡುಗಡೆಯಾದವರ ಸೇವಾ ಕಡತವನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುವುದು ಸೇನೆಯ ನಿಯಮ. 1946ರಲ್ಲಿ ಬಿಟ್ಟವರ ಅವಧಿ 1971ಕ್ಕೇ ಮುಗಿಯಿತು. ಇದರಲ್ಲಿ ಯಾರ ಮೋಸವೂ ಇಲ್ಲ. ಯುದ್ಧ ಮುಗಿದ ಮೇಲೆ ಮನೆಗೆ ಕಳಿಸಿದ ಲಕ್ಷಾಂತರ ಮಂದಿಯ ಕಟ್ಟುಗಳನ್ನು ಇಡಲು ಜಾಗವಿರಲಿಲ್ಲ. ಉಳಿಯುವುದು ‘ಲಾಂಗ್ ರೋಲ್’ ಎಂಬ ದಪ್ಪ ರಿಜಿಸ್ಟರು. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು: ನಂಬರು, ಹುದ್ದೆ, ಹೆಸರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ಕೆಲಸದಲ್ಲಿದ್ದಾಗ ಇಂಥ ರಿಜಿಸ್ಟರನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರೆ ದೂಳು ಏಳುತ್ತಿತ್ತು. ಒಂದು ಪುಟ ತಿರುಗಿಸಲು ಉಸಿರು ಬಿಗಿಹಿಡಿಯಬೇಕು, ಕಾಗದ ಹಪ್ಪಳದ ಹಾಗೆ. ಆ ರಿಜಿಸ್ಟರು ಹೆಸರಿನ ಪ್ರಕಾರ ಇರುವುದಿಲ್ಲ, ನಂಬರಿನ ಪ್ರಕಾರ ಇರುತ್ತದೆ. ಅದಕ್ಕೇ ನಿಮ್ಮ ಆ ಮೂರು ಅಂಕಿ ಅಷ್ಟು ಮುಖ್ಯ. ಕೊನೆಯ ಮೂರು ಇಲ್ಲದಿದ್ದರೆ ಗುಮಾಸ್ತ ಸಾವಿರ ಸಾಲು ನೋಡಬೇಕು, ಪಾಪ, ಅವನು ನೋಡುವುದಿಲ್ಲ. ಒಂದೇ ಅಂಕಿ ಅನುಮಾನವಿದ್ದರೆ ಹತ್ತು ಸಾಲು, ನೋಡುತ್ತಾನೆ.

ಆ ಅಂಕಿಗಳನ್ನು ಮನೆಯಲ್ಲೇ ಹುಡುಕಿ. ಮೊದಲು ಟ್ರಂಕ್. ಸಿಪಾಯಿಗಳು ತಮ್ಮ ಟ್ರಂಕಿನ ಮುಚ್ಚಳದ ಮೇಲೋ ಮುಂಭಾಗದಲ್ಲೋ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು ಬರೆಸುತ್ತಿದ್ದರು. ಆಮೇಲೆ ಮನೆಯವರು ಅದರ ಮೇಲೆ ಹಸಿರೋ ನೀಲಿಯೋ ಪೇಂಟ್ ಬಳಿದಿರುತ್ತಾರೆ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಮುಚ್ಚಳಕ್ಕೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಹಳೇ ಬಣ್ಣದ ದಪ್ಪ ಉಬ್ಬಾಗಿ ಕಾಣುತ್ತದೆ. ಒಂದು ಮನೆಯಲ್ಲಿ ಅಡಿಕೆ ತುಂಬಿಟ್ಟಿದ್ದ ಟ್ರಂಕಿನ ಮೇಲೆ ಹೀಗೆ ಆರು ಅಂಕಿ ಒಂದೊಂದಾಗಿ ಮೂಡಿಬಂದದ್ದನ್ನು ನಾನೇ ನೋಡಿದ್ದೇನೆ; ಮನೆಯೊಡತಿ ದಿನಾ ಅದರ ಮೇಲೆ ಕೂತು ಹೂ ಕಟ್ಟುತ್ತಿದ್ದರಂತೆ. ಊಟದ ತಟ್ಟೆ, ಮಗ್ಗು, ಬೆಲ್ಟಿನ ಒಳಭಾಗ, ಫೋಟೋದ ಹಿಂಬದಿ, ಹಳೇ ಮನಿಆರ್ಡರ್ ಚೂರುಗಳನ್ನೂ ನೋಡಿ. ಮಾಜಿ ಸೈನಿಕರೆಂದು ತಾತನಿಗೆ ಜಮೀನು ಮಂಜೂರಾಗಿದ್ದರೆ ತಾಲ್ಲೂಕು ಕಚೇರಿಯ ಆ ಕಡತದಲ್ಲಿ ಬಿಡುಗಡೆ ಪತ್ರದ ನಕಲು ಇರುವ ಸಾಧ್ಯತೆ ಇದೆ. ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೂ ಒಮ್ಮೆ ಹೋಗಿ ಬನ್ನಿ. ಅಜ್ಜಿಯೋ ತಾತನೋ ಯಾವುದಾದರೂ ಸಹಾಯಕ್ಕೆ ಅರ್ಜಿ ಹಾಕಿದ್ದರೆ ಅಲ್ಲಿ ಹೆಸರು ನೋಂದಣಿಯಾಗಿರುತ್ತದೆ.

ನೀರು ಬಿದ್ದ ಕಾಗದದ ಬಗ್ಗೆ ಎರಡು ಮಾತು. ಆ ಕಾಲದ ಸೇನೆಯ ಗುಮಾಸ್ತರು ಬಳಸುತ್ತಿದ್ದ ನೇರಳೆ ಬಣ್ಣದ ಪೆನ್ಸಿಲ್ ಬರಹ ತೇವ ತಾಗಿದರೆ ಹರಡುತ್ತದೆ. ನಿಮ್ಮ ಅಂಕಿಗಳು ಹೋದದ್ದೂ ಹಾಗೇ ಇರಬೇಕು. ಮತ್ತೆ ಒದ್ದೆ ಮಾಡಬೇಡಿ, ಬಿಸಿಲಿಗಿಡಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪ್ಲಾಸ್ಟಿಕ್ಕಿನೊಳಗೆ ಸೇರಿದ ಕಾಗದವನ್ನು ಮತ್ತೆ ಯಾರೂ ಉಳಿಸಲಾರರು. ಹಗಲು ಬೆಳಕಲ್ಲಿ ಒಂದು, ಪಕ್ಕದ ಬೆಳಕಲ್ಲಿ ಒಂದು, ಹಿಂದಿನಿಂದ ಬೆಳಕು ಬರುವ ಹಾಗೆ ಒಂದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣಗಳ ಏರಿಳಿತ ಮಾಡಿ ನೋಡಿ. ಪೆನ್ಸಿಲ್ ಒತ್ತಿದ ಗುಳಿ ಕೆಲವೊಮ್ಮೆ ಬಣ್ಣ ಹೋದ ಮೇಲೂ ಉಳಿದಿರುತ್ತದೆ.

ಇಷ್ಟಾದ ಮೇಲೆ ಬೆಂಗಳೂರಿನಲ್ಲಿರುವ ಎ.ಎಸ್.ಸಿ. ರೆಕಾರ್ಡ್ಸ್ (ಸೌತ್) ಕಚೇರಿಗೆ ಒಂದು ಸಾದಾ ಪತ್ರ ಬರೆಯಿರಿ. ನೀವು ಮೊಮ್ಮಗ ಎಂಬುದಕ್ಕೆ ದಾಖಲೆ, ತಾತನ ಮರಣ ಪತ್ರ, ಕಾಗದದ ನಕಲು ಇರಲಿ. ಹೆಸರನ್ನು ನೀವು ಬರೆಯುವ ಹಾಗೆ ಮಾತ್ರ ಬರೆಯಬೇಡಿ. ಭಾಷೆ ಗೊತ್ತಿಲ್ಲದ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿರುತ್ತಾನೆ. ತಿಮ್ಮಯ್ಯ ಎಂಬುವರು ಥಿಮಿಯ, ಟಿಮ್ಮಿ, ತಿಮಯಾ ಏನು ಬೇಕಾದರೂ ಆಗಿರಬಹುದು. ಊರು ಹೊಸಹಳ್ಳಿ ಎಂದರೆ ಯಾವ ಹೊಸಹಳ್ಳಿ ಎಂಬ ಪ್ರಶ್ನೆ ಬರುತ್ತದೆ, ಆಗಿನ ತಾಲ್ಲೂಕು, ಅಂಚೆಯ ಹೆಸರು ಸೇರಿಸಿ. ‘ಮೈಸೂರು’ ಎಂದು ಕಂಡರೆ ಅದು ಸಂಸ್ಥಾನ, ನಗರವಲ್ಲ. ಹುಟ್ಟಿದ ವರ್ಷ ಹೊಂದದಿದ್ದರೆ ಗಾಬರಿ ಬೇಡ. ಮೀಸೆ ಮೂಡದ ಹುಡುಗರು ಹದಿನೆಂಟು ಎಂದು ಹೇಳಿ ಸೇರಿದ್ದಾರೆ.

ಪತ್ರಕ್ಕೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಇಲ್ಲಿ ಜನ ಮಾಡುವ ತಪ್ಪು, ‘ನಮ್ಮ ತಾತನ ಸಂಪೂರ್ಣ ಮಾಹಿತಿ ಕೊಡಿ’ ಎಂದು ಕೇಳುವುದು. ‘ಲಭ್ಯವಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಮುಗಿಯಿತು. ಪ್ರಶ್ನೆಯನ್ನು ತುಂಡು ಮಾಡಿ: ಈ ನಂಬರಿನವರ ಸೇವಾ ಕಡತ ಇದೆಯೇ, ನಾಶವಾಗಿದ್ದರೆ ಯಾವ ನಿಯಮದಡಿ, ಲಾಂಗ್ ರೋಲ್‌ನಲ್ಲಿ ಈ ನಂಬರಿನ ಎದುರು ಇರುವ ನಮೂದಿನ ದೃಢೀಕೃತ ನಕಲು ಕೊಡಿ. ಅಷ್ಟೇ. ಇಪ್ಪತ್ತು ವರ್ಷಕ್ಕಿಂತ ಹಳೆಯ ವಿಷಯಗಳಿಗೆ ಆ ಕಾಯ್ದೆಯ 8(3)ನೇ ಕಲಮು ಬಹಳಷ್ಟು ವಿನಾಯಿತಿಗಳನ್ನು ತೆಗೆದುಹಾಕುತ್ತದೆ, ಅದನ್ನು ಅರ್ಜಿಯಲ್ಲೇ ಉಲ್ಲೇಖಿಸಿ. ಆದರೆ ಮೊದಲ ದಿನವೇ ಮಾಹಿತಿ ಹಕ್ಕಿನ ಅರ್ಜಿ ಎತ್ತಿಕೊಂಡು ಹೋಗಬೇಡಿ. ಸಾದಾ ಪತ್ರ ಓದಿದ ಗುಮಾಸ್ತ ಕೆಲವೊಮ್ಮೆ ಊಟದ ಹೊತ್ತಿನಲ್ಲಿ ಎದ್ದು ಹೋಗಿ ಆ ದಪ್ಪ ಪುಸ್ತಕ ತೆಗೆಯುತ್ತಾನೆ. ಕಾನೂನಿನ ಅರ್ಜಿ ಬಂದರೆ ಕಾನೂನಿನಷ್ಟೇ ಮಾಡುತ್ತಾನೆ. ಆ ಕುರ್ಚಿಯಲ್ಲಿ ಕೂತವನಾಗಿ ಇದನ್ನು ಹೇಳುತ್ತಿದ್ದೇನೆ.

ಲಾಂಗ್ ರೋಲ್ ಸಿಕ್ಕಿದರೂ ಅದು ಒಂದು ಸಾಲು. ಕಥೆ ಇರುವುದು ಬೇರೆ ಕಡೆ: ಕಂಪನಿಯ ‘ವಾರ್ ಡೈರಿ’ಯಲ್ಲಿ. ಪ್ರತಿ ಘಟಕವೂ ದಿನದಿನದ ಟಿಪ್ಪಣಿ ಬರೆದಿಡಬೇಕಿತ್ತು. ಎಲ್ಲಿಂದ ಎಲ್ಲಿಗೆ ಹೊರಟರು, ಎಷ್ಟು ಲಾರಿ, ರಸ್ತೆ ಎಲ್ಲಿ ಮುಚ್ಚಿತ್ತು, ಯಾವ ಸಾಹೇಬ ಬಂದುಹೋದ ಎಂಬುದೆಲ್ಲ ಅದರಲ್ಲಿರುತ್ತದೆ. ಸಿಪಾಯಿಯ ಹೆಸರು ಬರುವುದು ಅಪರೂಪ, ಸತ್ತರೆ ಅಥವಾ ಬಹುಮಾನ ಬಂದರೆ ಮಾತ್ರ. ನಿಮ್ಮ ತಾತ ಸಿಗದಿದ್ದರೂ ಅವರ ಲಾರಿ ಹೋದ ದಾರಿ ಸಿಗುತ್ತದೆ. ನನ್ನನ್ನು ಕೇಳಿದರೆ ಹೆಸರಿನ ಹಿಂದೆ ಬಿದ್ದವರಿಗಿಂತ ಕಂಪನಿಯ ಹಿಂದೆ ಬಿದ್ದವರೇ ಹೆಚ್ಚು ಪಡೆದಿದ್ದಾರೆ. ಇದಕ್ಕೆ ಕಂಪನಿಯ ಸಂಖ್ಯೆ ಬೇಕು. ‘ಜಿ.ಪಿ.ಟಿ. ಕಾಯ್’ ಎಂಬುದರ ಹಿಂದೆ ಒಂದು ಅಂಕಿ ಇದ್ದೇ ಇರುತ್ತದೆ, ಹರಿದ ಅಂಚಿನ ಹತ್ತಿರ ಮತ್ತೊಮ್ಮೆ ನೋಡಿ. ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಮಧ್ಯಪ್ರಾಚ್ಯದ ಡೈರಿಗಳು ಡಬ್ಲ್ಯು.ಓ. 169 ಎಂಬ ಸರಣಿಯಲ್ಲಿವೆ. ಬರ್ಮಾ ಕಡೆಯವು 172, ಇಟಲಿಯವು 170. ಪಟ್ಟಿಯನ್ನು ಮನೆಯಲ್ಲೇ ಕೂತು ಪುಕ್ಕಟೆ ಹುಡುಕಬಹುದು, ಆದರೆ ಒಳಗಿನ ಪುಟಗಳಲ್ಲಿ ಹೆಚ್ಚಿನವು ಅಂತರ್ಜಾಲದಲ್ಲಿಲ್ಲ. ಅಲ್ಲಿ ನೆಂಟರೋ ಓದುತ್ತಿರುವ ಹುಡುಗರೋ ಇದ್ದರೆ ಒಂದು ದಿನ ಹೋಗಿ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಬಹುದು. ಪ್ರವೇಶ ಉಚಿತ. ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ ಮತ್ತು ರಾಷ್ಟ್ರೀಯ ಪತ್ರಾಗಾರಗಳಲ್ಲೂ ಆ ಯುದ್ಧದ ಕಾಗದಗಳಿವೆ. ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಮೊದಲು ಹುಡುಕಿ. ಹಣ ಕೊಟ್ಟು ಸಂಶೋಧಕರನ್ನು ಹಿಡಿಯುವುದಾದರೆ ಇಂಥ ಡೈರಿಯ ಇಂಥ ತಿಂಗಳು ಎಂದು ಗೊತ್ತಾದ ಮೇಲೆ, ಪುಟಕ್ಕಿಷ್ಟು ಎಂದು ಮಾತಾಡಿ. ‘ಪೂರ್ತಿ ಫೈಲ್’ ಎಂದು ಯಾರಾದರೂ ಅಂದರೆ ಅವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಚೆನ್ನಾಗಿ ಗೊತ್ತಿದೆ.

ಪೆನ್ಷನ್ ವಿಷಯ. ಸಿಪಾಯಿಗೆ ಸೇವಾ ಪೆನ್ಷನ್ ಬರಬೇಕಾದರೆ 15 ವರ್ಷದ ಸೇವೆ ಬೇಕು. ನಿಮ್ಮ ತಾತನದು ನಾಲ್ಕು. ಯುದ್ಧಕ್ಕೆಂದು ಸೇರಿ ಯುದ್ಧ ಮುಗಿದ ಮೇಲೆ ಬಿಡುಗಡೆಯಾದವರಿಗೆ ಗ್ರಾಚುಯಿಟಿ ಎಂದು ಒಂದಿಷ್ಟು ಹಣ ಕೊಟ್ಟು ಕಳಿಸಿದರು, ಅಲ್ಲಿಗೆ ಮುಗಿಯಿತು. ಗಾಯಗೊಂಡು ಅಂಗವಿಕಲತೆಯ ಪೆನ್ಷನ್ ಪಡೆದಿದ್ದರೆ ಮಾತು ಬೇರೆ, ನಿಮ್ಮ ಕಾಗದದಲ್ಲಿ ಅಂಥ ಸುಳಿವಿಲ್ಲ. ಪೆನ್ಷನ್ ಇಲ್ಲದ ಎರಡನೇ ಮಹಾಯುದ್ಧದ ಸೈನಿಕರಿಗೆ, ಅವರ ವಿಧವೆಯರಿಗೆ ನಮ್ಮ ರಾಜ್ಯ ಸರ್ಕಾರ ತಿಂಗಳ ಸಹಾಯಧನ ಕೊಡುತ್ತದೆ, ಆದರೆ ಅದು ಬದುಕಿರುವವರಿಗೆ. ಮೊಮ್ಮಕ್ಕಳಿಗೆ ಬಾಕಿ ಎಂಬುದು ಯಾವ ಸರ್ಕಾರದಿಂದಲೂ ಇಲ್ಲ. ಇದು ಅನ್ಯಾಯವೇ ಎಂದು ಕೇಳಿದರೆ ಹೌದು ಎನ್ನುತ್ತೇನೆ. ಆದರೆ 25 ಸಾವಿರ ಕೊಟ್ಟರೆ ಸರಿಹೋಗುವ ಅನ್ಯಾಯವಲ್ಲ.

ಮತ್ತೊಂದು ಅಪಾಯವನ್ನು ಮುಚ್ಚಿಡುವುದು ಸರಿಯಲ್ಲ. ಹುಡುಕಿದರೆ ಬೇಡದ್ದೂ ಸಿಗಬಹುದು. ರಜೆ ಮುಗಿದರೂ ಹಿಂತಿರುಗದ ಹತ್ತು ದಿನ, ಸಂಬಳ ಕಡಿತ, ಹುದ್ದೆ ಇಳಿಕೆ, ನಡತೆ ‘ಸಾಧಾರಣ’ ಎಂಬ ನಮೂದು. ಬಿಡುಗಡೆಯ ಕಾರಣದಲ್ಲಿ ‘ಸೇವೆ ಇನ್ನು ಅಗತ್ಯವಿಲ್ಲ’ ಎಂಬ ಅರ್ಥದ ಇಂಗ್ಲಿಷ್ ಮಾತು ಕಂಡರೆ ತಲೆ ಕೆಡಿಸಿಕೊಳ್ಳುವ ಮೊದಲು ಗೊತ್ತಿದ್ದವರಿಗೆ ತೋರಿಸಿ. ನಿಮ್ಮ ಕಾಗದದಲ್ಲಿ ‘ರಿಲೀಸ್ಡ್’ ಎಂದಿದ್ದರೆ ಅದು ಯುದ್ಧಾನಂತರದ ಸಾಮಾನ್ಯ ಬಿಡುಗಡೆ.

‘ಬರೀ ಲಾರಿ ಓಡಿಸುತ್ತಿದ್ದರು’ ಎಂಬ ಚಿಕ್ಕಪ್ಪನ ಮಾತಿಗೆ ಒಂದೇ ಸಂಗತಿ ಹೇಳಿ. ರಷ್ಯಾಕ್ಕೆ ಸಾಮಾನು ತಲುಪಿಸಿದ ಕೆಲಸಕ್ಕಾಗಿ 1944ರಲ್ಲಿ ಸೋವಿಯತ್ ಸರ್ಕಾರ ಇದೇ ಆರ್.ಐ.ಎ.ಎಸ್.ಸಿ.ಯ ಒಬ್ಬ ಸುಬೇದಾರರಿಗೂ ಒಬ್ಬ ಹವಾಲ್ದಾರರಿಗೂ ‘ಆರ್ಡರ್ ಆಫ್ ದಿ ರೆಡ್ ಸ್ಟಾರ್’ ಕೊಟ್ಟಿತು. ಲಾರಿಯವರಿಗೆ ಬಂದ ಗೌರವ ಅದು.

ಬೇರೆ ಓದುಗರಿಗಾಗಿ ಒಂದು ಮಾತು: ನಮ್ಮ ತಾತಂದಿರು ಒಂದೇ ಕಡೆ ಸೇರಿದವರಲ್ಲ, ಆಗ ಕನ್ನಡನಾಡೇ ತುಂಡುತುಂಡಾಗಿತ್ತು. ಬೆಳಗಾವಿ ಕಡೆಯವರು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇರಬಹುದು, ಅದರ ಕೇಂದ್ರ ಅಲ್ಲೇ ಇದೆ. ‘ಮದ್ರಾಸ್ ಸ್ಯಾಪರ್ಸ್’ ಎಂದು ಕಂಡರೆ ಬೆಂಗಳೂರಿನ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್). ‘ಮದ್ರಾಸ್ ರೆಜಿಮೆಂಟ್’ ಆದರೆ ನೀಲಗಿರಿಯ ವೆಲ್ಲಿಂಗ್ಟನ್. ಮೈಸೂರು ಮಹಾರಾಜರ ಸ್ವಂತ ಪಡೆಯಲ್ಲಿದ್ದವರು ಬೇರೆಯೇ ಲೆಕ್ಕ. ಸಿಂಗಪುರ ಬಿದ್ದಾಗ ಮೈಸೂರು ಇನ್‌ಫೆಂಟ್ರಿಯೂ ಅಲ್ಲಿತ್ತು. ಅವರ ಮನೆಯವರು ಸಂಸ್ಥಾನದ ಕಡತಗಳಿರುವ ಕರ್ನಾಟಕ ರಾಜ್ಯ ಪತ್ರಾಗಾರದಿಂದ ಶುರು ಮಾಡುವುದು ಒಳ್ಳೆಯದು.

ನಿಮಗೆ ಕೊನೆಯದಾಗಿ ಒಂದು ಪ್ರಶ್ನೆ. ದೊಡ್ಡಪ್ಪ, ಚಿಕ್ಕಪ್ಪನ ಮಾತು ಬರೆದಿದ್ದೀರಿ. ತಾತನಿಗೆ ಹೆಣ್ಣುಮಕ್ಕಳಿರಲಿಲ್ಲವೇ? ಅತ್ತೆಯರು ಯಾರಾದರೂ ಇದ್ದರೆ ಅವರನ್ನು ಈ ಭಾನುವಾರವೇ ಕರೆಸಿ. ಗಂಡುಮಕ್ಕಳಿಗೆ ಅಪ್ಪ ಯುದ್ಧದ ಕಥೆ ಹೇಳಿರುತ್ತಾರೆ. ಅಡುಗೆಮನೆ ಬಾಗಿಲಲ್ಲಿ ಕೂತು ಮಗಳಿಗೆ ಹೇಳಿರುವುದು ಅಲ್ಲಿ ಏನು ತಿನ್ನುತ್ತಿದ್ದರು, ಯಾವ ಊರಲ್ಲಿ ಖರ್ಜೂರ ಅಗ್ಗ, ಜತೆಯ ಹುಡುಗ ಯಾವ ಹಳ್ಳಿಯವನು ಎಂಬುದನ್ನು. ಫೋನಿನಲ್ಲಿ ರೆಕಾರ್ಡ್ ಹಾಕಿ, ಟ್ರಂಕನ್ನು ಅವರ ಮುಂದೆ ಇಟ್ಟು ಮುಚ್ಚಳ ಅವರೇ ತೆಗೆಯಲಿ. ಟಾರ್ಚು ಹಿಡಿದಾಗ ಅಂಕಿಗಳು ಕಂಡರೆ ನನಗೆ ಬರೆಯಿರಿ, ಪತ್ರದ ಕರಡು ಮಾಡಿಕೊಡುತ್ತೇನೆ.